ಗಂಗಮ್ಮನ ಬಟ್ಟಲು

ಕಂಪ್ಲಿಯ ಅಕ್ಕಿ ಗಿರಣಿ ರೇವಣಸಿದ್ದನ ಮನೆಯ ಪಡಸಾಲೆಯಲ್ಲಿ ಅಪ್ಪನ ಕಾಲದ ಚಿತ್ರವೊಂದಿತ್ತು. ಎರಡು ಸಿಂಹ ಹಿಡಿದ ಗುರಾಣಿ, ಸುತ್ತ ದ್ರಾಕ್ಷಿ ಬಳ್ಳಿ, ನಡುವೆ ಕೊಡ ಬಗ್ಗಿಸಿ ಬಟ್ಟಲು ತುಂಬುವ ದುಂಡು ಮುಖದ ಹೆಂಗಸು. ಡ್ಯಾಮಿನ ಕೆಲಸಕ್ಕೆ ಬಂದಿದ್ದ ಬಿಳಿ ಸಾಹೇಬನೊಬ್ಬ ತನ್ನೂರಿಗೆ ಹೊರಟಾಗ ಕೊಟ್ಟುಹೋದದ್ದು. ಆಕೆಯನ್ನು ಗಂಗಮ್ಮನೆಂದು ಅವ್ವ ಮುದುಕಮ್ಮ ಪೂಜಿಸುತ್ತ ಬಂದಿದ್ದಳು. ಕಾಲುವೆಗೆ ನೀರು ಬಿಟ್ಟ ದಿನ ಓಣಿಯ ಹೆಂಗಸರೆಲ್ಲ ಬಂದು ಉಡಿ ತುಂಬುತ್ತಿದ್ದರು. ಕೊಬ್ಬರಿ ಸಕ್ಕರೆಗೆ ಕಾಯುತ್ತ ಆ ದ್ರಾಕ್ಷಿ ಎಣಿಸಿಯೇ ರೇವಣಸಿದ್ದ ಅಂಕಿ ಕಲಿತಿದ್ದ.

ಈ ಸಲದ ಪೂಜೆಗೆ ಬಂದ ಅಳಿಯ ಕಿರಣ್ ಕುಮಾರ್ ಚಿತ್ರ ನೋಡಿ ನಕ್ಕುಬಿಟ್ಟ.

"ಮಾವಾರ, ಇಕಿ ಗಂಗಮ್ಮ ಅಲ್ರಿ. ಇದು ಯಾವುದೋ ಪರದೇಶದ ರಾಜನ ಮುದ್ರಿ. ಬಟ್ಟಲದಾಗ ಇರೋದು ದ್ರಾಕ್ಷಿ ಸೆರೆ. ಹಿಂದ ಪೀಪಾಯಿ ನೋಡ್ರಿ."

"ಸಣ್ಣಗ ಮಾತಾಡ್ರಿ. ಅವ್ವಗ ಗೊತ್ತಾದ್ರ ಜೀವ ಬಿಡ್ತಾಳ."

ಕಿಟಕಿಯಾಚೆ ಪಕ್ಕದ ಮನೆಯ ಹೊನ್ನೂರಮ್ಮನ ಕಿವಿ ಮೊರದಷ್ಟು ಅಗಲವಾಯಿತು. ಚಹಾ ಆರುವುದರೊಳಗೆ ಓಣಿಯೇ ಪಡಸಾಲೆಗೆ ಬಂತು.

"ಇಕಿಗೆ ಹರಕಿ ಹೊತ್ತು ಮಗನ್ನ ಹಡದೆ ನಾನು," ಎಂದಳು ಹೊನ್ನೂರಮ್ಮ. "ಅವ ಬಾರ್‌ನಾಗ ಸಪ್ಲಯರ್ ಯಾಕಾದ ಅಂತ ಇವತ್ತು ತಿಳೀತು."

ಅವ್ವ ಹಿತ್ತಲ ಬಚ್ಚಲಲ್ಲಿದ್ದಳು. ರೇವಣಸಿದ್ದ ಪೀಪಾಯಿಗೆ ಚೆಂಡು ಹೂವಿನ ಹಾರ ಹಾಕಿದ, ಜಾರಿತು. ಬಟ್ಟಲಿನ ಮೇಲೆ ಕುಂಕುಮ ಮೆತ್ತಲು ಹೋದ. ಅವಸರದಲ್ಲಿ ಅದು ದೇವಿಯ ತುಟಿಗೆಲ್ಲ ಹತ್ತಿ, ಆಕೆ ಆಗಲೇ ಎರಡು ಬಟ್ಟಲು ಮುಗಿಸಿದವಳಂತೆ ಕಂಡಳು. ಕೊನೆಗೆ ಚಿತ್ರವನ್ನೇ ಇಳಿಸಿ, ಟವೆಲಿನಲ್ಲಿ ಸುತ್ತಿ ಗಿರಣಿಗೆ ಸಾಗಿಸಬೇಕೆಂದು ತಿರುಗಿದ. ಬಾಗಿಲಲ್ಲಿ ಅವ್ವ.

"ಎಲ್ಲಿಗೆ ಒಯ್ತಿ ಆಕೀನ?"

"ಗಾಜು ಸಡಿಲ ಆಗೈತವ್ವ."

"ಸೆರೆ ಅಂತ ಹೇಳಿದ್ರೇನು?"

ಅವ್ವ ನಿಧಾನವಾಗಿ ಕುಳಿತಳು.

"ನನಗ ಮದುವ್ಯಾದ ವರ್ಷನ ಗೊತ್ತು. ನಿಮ್ಮಪ್ಪ ದಿನಾ ಸಂಜಿಕೆ ಇದರ ಕೆಳಗ ಕುಂತು ಕುಡೀತಿದ್ದ. ಬೈದ್ರೂ ಬಿಡ್ಲಿಲ್ಲ, ಅತ್ರೂ ಬಿಡ್ಲಿಲ್ಲ. ಒಂದಿನ ಇಕಿಗೆ ಕುಂಕುಮ ಹಚ್ಚಿ ಗಂಗಮ್ಮ ಅಂದೆ. ದೇವರ ಮುಂದ ಹೆಂಗ ಕುಡೀತಾನ?"

"ಅಪ್ಪ ನಂಬಿದ್ನಾ?"

"ಅವನೇನು ಹುಚ್ಚನಾ? ನಾ ಕೈಮುಗಿಯೋದು ನೋಡಿ ಸುಮ್ನ ಸೀಸೆ ತಗೊಂಡು ಅಂಗಳಕ್ಕ ಹೋದ. ಅಂಗಳದಾಗ ಸೊಳ್ಳಿ ಭಾಳ. ಬಿಟ್ಟ."

ಹೆಂಗಸರು ನಕ್ಕರು. ರೇವಣಸಿದ್ದನ ಕಣ್ಣು ತೇವವಾಯಿತು. ಕಟ್ಟೆಯ ಮೇಲೆ ಬರಿಗೈಯಲ್ಲಿ ಕುಳಿತು ತನಗೆ ಕತೆ ಹೇಳುತ್ತಿದ್ದ ಅಪ್ಪ ನೆನಪಾದ. ಮನಸ್ಸು ಹಗುರಾಗಿ, ಚಿತ್ರವನ್ನು ಮತ್ತೆ ಗೋಡೆಗೆ ಹಾಕಲು ಹೋದ.

"ಅಲ್ಲಿ ಬ್ಯಾಡ," ಎಂದಳು ಅವ್ವ. "ಈ ಮನ್ಯಾಗ ಆಕಿ ಕೆಲಸ ಮುಗದೈತಿ. ಗಿರಣ್ಯಾಗ ಸಂಜಿಕೆ ಬಾಗಿಲಾ ಹಾಕ್ಕೊಂಡು ಲೆಕ್ಕ ಬರೀತಿಯಲ್ಲ, ಆ ಖೋಲ್ಯಾಗ ಹಾಕು."

"ಯಾಕವ್ವ?"

"ಅಕ್ಕಿ ವಾಸನಿ ಯಾವುದು, ನಿನ್ನ ಲೆಕ್ಕದ ವಾಸನಿ ಯಾವುದು, ನನಗ ತಿಳಿತೈತಿ. ದೀಪ ನಾನ ಬಂದು ಹಚ್ತೀನಿ, ದಿನಾ ಸಂಜಿಕೆ."