ಮಲ್ಲಿಕಾಂಬಳ ಅಂಗಳದಲ್ಲಿ ನೂರೈವತ್ತು ಎಚ್‌ಪಿ

ಗಂಡ ಕುಡೀತಾನೆ, ಇಸ್ಪೀಟಾಡ್ತಾನೆ ಅಂತ ಹೇಳಿಕೊಂಡು ಅಳುವ ಹೆಂಗಸರನ್ನು ಕಂಡರೆ ಮಲ್ಲಿಕಾಂಬಳಿಗೆ ಒಳಗೊಳಗೇ ಹೊಟ್ಟೆಕಿಚ್ಚು. ಅವರ ಕಷ್ಟ ಕೇಳಿದವರು ‘ಅಯ್ಯೋ ಪಾಪ’ ಅನ್ನುತ್ತಿದ್ದರು. ಇವಳು ತನ್ನ ಕಷ್ಟ ಹೇಳಿಕೊಂಡರೆ ಕೇಳಿದವರು ಮೊದಲು ಬಾಯಿ ಬಿಡುತ್ತಿದ್ದರು, ಆಮೇಲೆ ನಗುತ್ತಿದ್ದರು, ಕೊನೆಗೆ, “ಒಂದ್ಸಲ ಮನೆಗೆ ಬಂದು ನೋಡ್ಬೋದಾ?” ಅನ್ನುತ್ತಿದ್ದರು. ಯಾಕೆಂದರೆ ಅವಳ ಗಂಡ ಸಿದ್ದಲಿಂಗೇಶ್ ಕುಡಿದವನಲ್ಲ, ಎಲೆ ಮುಟ್ಟಿದವನಲ್ಲ. ಅವನು ಸ್ಪೀಡ್ ಬೋಟು ತಂದಿದ್ದ.

ಅದೂ ಅಜ್ಜಂಪುರಕ್ಕೆ. (ಸಮುದ್ರಕ್ಕೂ ಅಜ್ಜಂಪುರಕ್ಕೂ ನಡುವೆ ಇಡೀ ಪಶ್ಚಿಮ ಘಟ್ಟ ಅಡ್ಡ ಮಲಗಿದೆ. ದೇವರು ಸುಮ್ಮನೆ ಮಲಗಿಸಿಲ್ಲ ಎನ್ನುವುದು ಮಲ್ಲಿಕಾಂಬಳ ಅಭಿಪ್ರಾಯ.)

ಸಿದ್ದಲಿಂಗೇಶನಿಗೆ ಸ್ಟೇಷನ್ ರಸ್ತೆಯಲ್ಲಿ ಪಂಪ್‌ಸೆಟ್ಟಿನ ಅಂಗಡಿ. ಆ ಕಸುಬಿನವರಿಗೆ ಇಡೀ ಲೋಕವೇ ಎಚ್‌ಪಿ ಲೆಕ್ಕ. ಇಂಥವನು ಐದು ಎಚ್‌ಪಿ ಮನುಷ್ಯ, ಅಂಥವನು ಹತ್ತು ಎಚ್‌ಪಿ ಮನುಷ್ಯ ಎಂದು ಅವರು ಮನಸ್ಸಿನಲ್ಲೇ ತೂಗಿಬಿಡುತ್ತಾರೆ. ಹೀಗಿರುವಾಗ ಕಡೂರಿನಲ್ಲಿದ್ದ ಅವನ ಷಡ್ಡಕ, ಅಂದರೆ ಮಲ್ಲಿಕಾಂಬಳ ಅಕ್ಕನ ಗಂಡ ಬಸವರಾಜಪ್ಪ, ಅರವತ್ತು ಎಚ್‌ಪಿ ಟ್ರ್ಯಾಕ್ಟರ್ ತಂದ. ತಂದಿದ್ದು ದೊಡ್ಡ ವಿಷಯವಲ್ಲ. ಪೂಜೆಗೆ ಬಂದ ನೆಂಟರಿಷ್ಟರ ಎದುರು ಬಾನೆಟ್ ಮೇಲೆ ಕೈಯಾಡಿಸುತ್ತಾ, “ತಮ್ಮಾ, ನಿನ್ನಂಗಡೀಲಿರೋ ಮೋಟ್ರೆಲ್ಲ ಒಟ್ಟಿಗೆ ಕಟ್ಟಿದ್ರೂ ಇದನ್ನ ಎಳೆಯಕ್ಕಾಗಲ್ಲ ಕಣೋ” ಎಂದುಬಿಟ್ಟ. ಅವತ್ತು ಸಿದ್ದಲಿಂಗೇಶ್ ಹೋಳಿಗೆಯನ್ನು ಎಲೆಯಲ್ಲೇ ಬಿಟ್ಟು ಎದ್ದ.

ಅದೇ ಸಮಯಕ್ಕೆ ತರೀಕೆರೆಯಾಚೆ ಭದ್ರಾ ಹಿನ್ನೀರಿನಲ್ಲಿ ಯಾವುದೋ ರೆಸಾರ್ಟು ಬಾಗಿಲು ಹಾಕಿ ಸಾಮಾನು ಮಾರುತ್ತಿತ್ತು. ಪಂಪು ಸಿಗಬಹುದೆಂದು ಹೋದವನ ಕಣ್ಣಿಗೆ ಒಂದು ಎಂಜಿನ್ ಬಿತ್ತು. ಕಪ್ಪಗೆ, ನುಣ್ಣಗೆ, ಆಳೆತ್ತರ. ಮೈಮೇಲೆ ನೂರೈವತ್ತು ಎಂದು ಬರೆದಿತ್ತು. ಅದರ ಇನ್ನೊಂದು ತುದಿಗೆ ಒಂದು ದೋಣಿ ಅಂಟಿಕೊಂಡಿರುವುದನ್ನು ಅವನು ಗಮನಿಸಿದ್ದು ಮಾತುಕತೆ ಮುಗಿದ ಮೇಲೆ.

ಟ್ರೇಲರ್ ಸಮೇತ ಮನೆಗೆ ಬಂದ ಆ ಕೆಂಪು ಫೈಬರ್ ದೋಣಿ ಅಂಗಳವನ್ನು ಗೋಡೆಯಿಂದ ಗೋಡೆಯವರೆಗೆ ತುಂಬಿತು. ಅತ್ತೆ ವಿಶಾಲಾಕ್ಷಮ್ಮ ಆರತಿ ತಟ್ಟೆ ಹಿಡಿದು ಬಂದರು. ನಿಂಬೆಹಣ್ಣನ್ನು ಟ್ರೇಲರಿನ ಚಕ್ರದಡಿ ಇಟ್ಟರೆ ಪುಣ್ಯ ದೋಣಿಗೆ ಸಲ್ಲುತ್ತದೋ ಟ್ರೇಲರಿಗೆ ಸಲ್ಲುತ್ತದೋ ಎಂದು ಬಹಳ ಹೊತ್ತು ಯೋಚಿಸಿ, ಕೊನೆಗೆ ಹಣ್ಣನ್ನು ವಾಪಸ್ ಒಳಗೆ ಕೊಂಡುಹೋದರು.

“ಎಲ್ಲಿ ಓಡಿಸ್ತೀರಿ ಇದನ್ನ?” ಎಂದು ಮಲ್ಲಿಕಾಂಬ ಕೇಳಿದಳು.

“ಬುಕ್ಕಾಂಬುಧಿ ಕೆರೆ ಇಲ್ವೇನೇ?”

“ಅಲ್ಲಿ ಎಮ್ಮೆ ಮೈ ತೊಳೀತಾರೆ ಕಣ್ರೀ.”

“ತೊಳೀಲಿ ಬಿಡು. ನಾನು ಪಕ್ಕದಲ್ಲೋಗ್ತೀನಿ.”

“ಸರಿ, ನನ್ನ ಸಂಡಿಗೆ ಎಲ್ಲೋಗ್ಲಿ?”

ಪ್ರಶ್ನೆ ಎಂದರೆ ಇದು. ಶಿವರಾತ್ರಿ ಕಳೆದ ಮೇಲೆ ಮಳೆ ಬೀಳುವವರೆಗೆ ಆ ಅಂಗಳ ಮಲ್ಲಿಕಾಂಬಳ ಸಾಮ್ರಾಜ್ಯ. ಹಪ್ಪಳ, ಅರಳು ಸಂಡಿಗೆ, ಈರುಳ್ಳಿ ಸಂಡಿಗೆ, ಬಾಳಕದ ಮೆಣಸಿನಕಾಯಿ ಎಲ್ಲವೂ ಒಣಗುವುದು ಅಲ್ಲೇ. ಬೀರೂರು, ತರೀಕೆರೆಯ ಮದುವೆ ಮನೆಗಳಿಗೆ ಹೋಗುವುದೂ ಅಲ್ಲಿಂದಲೇ. ವರ್ಷವಿಡೀ ಅವಳು ಕಾಯುವುದು ಆ ಬಿಸಿಲಿಗಾಗಿ. ಅದನ್ನೀಗ ನೀರಿಲ್ಲದ ದೋಣಿಯೊಂದು ಅಂಗಾತ ಮಲಗಿ ಕುಡಿಯುತ್ತಿತ್ತು. ಅವಳಿಗೆ ಉಳಿದದ್ದು ದೋಣಿಗೂ ಬಚ್ಚಲಿಗೂ ನಡುವಿನ ಒಂದು ಪಟ್ಟಿ ಜಾಗ.

ಅದೂ ದಕ್ಕಲಿಲ್ಲ. ಅಜ್ಜಂಪುರದ ಕಡೆ ಒಂದು ಪದ್ಧತಿ ಇದೆ. ಯಾರಾದರೂ ಮೋಟರ್ ತಂದರೆ ಸುಮ್ಮನೆ ನೋಡಿ ಹೋಗುವುದು ಅವಮಾನ. ಸ್ಟಾರ್ಟ್ ಮಾಡಿಸಿ, ಶಬ್ದ ಕೇಳಿ, ತಲೆಯಾಡಿಸಿ ಹೋಗಬೇಕು. ಬಂದವರೆಲ್ಲ ಕಾಫಿ ಲೋಟ ಕೆಳಗಿಟ್ಟ ತಕ್ಷಣ, “ಎಲ್ಲಿ, ಒಂದ್ಸಲ ಸೌಂಡು ಕೇಳ್ಸಿ” ಅನ್ನುತ್ತಿದ್ದರು. ಈ ಎಂಜಿನ್ನೋ ಕೆರೆಯ ನೀರನ್ನೇ ಹೀರಿ ಮೈ ತಂಪು ಮಾಡಿಕೊಳ್ಳುವ ಜಾತಿ. ಬರಿ ನೆಲದ ಮೇಲೆ ಓಡಿಸಿದರೆ ಸುಟ್ಟುಹೋಗುತ್ತದೆ. ಹಾಗಾಗಿ ಸಿದ್ದಲಿಂಗೇಶ್, ಮಲ್ಲಿಕಾಂಬ ಅಕ್ಕಿ ನೆನೆಹಾಕುವ ನೀಲಿ ಡ್ರಮ್ಮನ್ನು ಎಳೆದುತಂದು, ನೀರು ತುಂಬಿ, ಎಂಜಿನ್ನಿನ ಕಾಲನ್ನು ಅದರಲ್ಲಿ ಇಳಿಬಿಟ್ಟ. ಕಾಲುನೋವಿನ ಅಜ್ಜಿ ಬಿಸಿನೀರಿನ ಬಕೆಟ್ಟಿನಲ್ಲಿ ಪಾದ ಇಟ್ಟುಕೊಂಡ ಹಾಗೆ ಅದು ನಿಂತುಕೊಂಡು ದಿನಕ್ಕೆಷ್ಟು ಸಲವೋ ಗುರ್ ಎನ್ನತೊಡಗಿತು.

ಒಂದು ದಿನ ಬೀರೂರಿನ ಕಾಯಿ ವ್ಯಾಪಾರಿ ಸುರೇಶ್ ಬಂದವನು, ಎಂಜಿನ್ ಗುರ್ ಎನ್ನುತ್ತಿರುವಾಗಲೇ ದೋಣಿಯೊಳಗೆ ಹತ್ತಿ, “ಇದೇನ್ರಿ, ಗೇರಾ?” ಎನ್ನುತ್ತಾ ಒಂದು ಹಿಡಿಯನ್ನು ಮುಂದಕ್ಕೆ ತಳ್ಳಿಯೇಬಿಟ್ಟ.

ಡ್ರಮ್ಮಿನೊಳಗೆ ಎಂಜಿನ್ನಿನ ಕಾಲಿಗಿದ್ದ ಪಂಖ ತಿರುಗಿತು. ಡ್ರಮ್ಮು ಸೀಳಿಹೋಯಿತು. ಇದ್ದ ನೀರೆಲ್ಲ ಎದ್ದು ನಿಂತು, ಬಚ್ಚಲ ಪಕ್ಕದ ಚಾಪೆಯ ಮೇಲೆ ಗರಿಗರಿಯಾಗಿ ಒಣಗಿದ್ದ ಈರುಳ್ಳಿ ಸಂಡಿಗೆಯ ಮೇಲೆ ಮಲಗಿತು. ಮದುವೆ ಮನೆಗೆ ಹೋಗಬೇಕಾದ ಸಂಡಿಗೆ ಕಣ್ಣೆದುರಿಗೇ ಗಂಜಿಯಾಯಿತು.

ಮಲ್ಲಿಕಾಂಬ ಬಾಯಿ ತೆರೆಯುವ ಮುಂಚೆಯೇ ಗಂಡ ಒದ್ದೆ ಮೀಸೆ ಒರೆಸಿಕೊಳ್ಳುತ್ತಾ, “ನೋಡಿದ್ಯೇನೇ, ಪವರ್ರು?” ಎಂದ.

“ನೋಡ್ದೆ” ಎಂದಳು. ಆಡಬೇಕೆಂದಿದ್ದ ಮಿಕ್ಕ ಮಾತುಗಳು ಹೊರಬರಲು ಜಾಗವಿಲ್ಲದೆ ಗಂಟಲಲ್ಲೇ ಗುಂಪುಗಟ್ಟಿ ನಿಂತವು.

ಬುಕ್ಕಾಂಬುಧಿ ಕೆರೆಯಲ್ಲಿ ಜಲಪ್ರವೇಶ ಮಹೋತ್ಸವವೂ ಆಯಿತು. ದಂಡೆಯ ಮೇಲೆ ಜನ. ಸಿದ್ದಲಿಂಗೇಶ್ ಕಪ್ಪು ಕನ್ನಡಕ ಹಾಕಿ ಹೊರಟವನು ಮೊದಲ ಸ್ವಲ್ಪ ದೂರ ನಿಜಕ್ಕೂ ಹಾರಿದ. ಮೂತಿ ಆಕಾಶಕ್ಕೆತ್ತಿ, ಹಿಂದೆ ಬಿಳಿ ನೊರೆ ಬಿಟ್ಟುಕೊಂಡು ದೋಣಿ ಹೋಗುವುದನ್ನು ಕಂಡು ಮಲ್ಲಿಕಾಂಬಳಿಗೂ ಒಂದು ಗಳಿಗೆ ‘ಪರವಾಗಿಲ್ಲ’ ಅನಿಸಿತು. ಅಷ್ಟರಲ್ಲಿ ಅದು ಜೊಂಡಿನೊಳಗೆ ನುಗ್ಗಿತು. ಪಂಖಕ್ಕೆ ಜೊಂಡು ಸುತ್ತಿ, ನೀರು ಹೀರುವ ತೂತು ಕಟ್ಟಿ, ಎಂಜಿನ್ ಕುಂಯ್ ಎಂದು ಅತ್ತು ಸುಮ್ಮನಾಯಿತು. ಲಾರಿ ಟ್ಯೂಬಿನ ಮೇಲೆ ಕೂತು ಮೀನು ಹಿಡಿಯುತ್ತಿದ್ದ ಚಿಕ್ಕಬೀರಪ್ಪ ನಿಧಾನಕ್ಕೆ ಹತ್ತಿರ ಬಂದು ಹಗ್ಗ ಕಟ್ಟಿಕೊಂಡ.

“ಎಷ್ಟು ಎಚ್‌ಪಿ ಸ್ವಾಮಿ ಇದು?”

“ನೂರೈವತ್ತು.”

“ಅಬ್ಬಾ!” ಎಂದ ಚಿಕ್ಕಬೀರಪ್ಪ, ಎರಡೂ ಕೈಯಲ್ಲಿ ನೀರು ಹಿಂದಕ್ಕೆ ತಳ್ಳುತ್ತಾ ಆ ನೂರೈವತ್ತನ್ನೂ ದಂಡೆಗೆ ಎಳೆದುತಂದ.

ಇದರ ವಿಡಿಯೋ ದೋಣಿಗಿಂತ ವೇಗವಾಗಿ ಕಡೂರು ಮುಟ್ಟಿತು. ಬಸವರಾಜಪ್ಪ ಫೋನ್ ಮಾಡಿ, “ತಮ್ಮಾ, ಆ ಟ್ಯೂಬು ಎಷ್ಟಕ್ಕೆ ಸಿಕ್ತು, ವಿಚಾರ್ಸಪ್ಪಾ. ನಂಗೂ ಒಂದು ಬೇಕು” ಎಂದ. ಸಿದ್ದಲಿಂಗೇಶ್ ಎರಡು ಹೊತ್ತು ಪಂಖದಿಂದ ಜೊಂಡು ಬಿಡಿಸುತ್ತಾ ಕೂತ. ಮೂರನೆಯ ಹೊತ್ತಿಗೆ, “ಯಾರಾದ್ರೂ ಕೇಳಿದ್ರೆ ಕೊಟ್ಬಿಡೋಣ” ಎಂದ.

ಮಲ್ಲಿಕಾಂಬ ಆ ಮಾತು ನೆಲಕ್ಕೆ ಬೀಳಲು ಬಿಡಲಿಲ್ಲ. ತರೀಕೆರೆಯ ಮಹಬೂಬ್ ಬಿ ವರ್ಷವೂ ಅವಳ ಹತ್ತಿರ ಹಪ್ಪಳ ಒಯ್ಯುವಾಕೆ. ಆಕೆಯ ಗಂಡ ಖಾಸಿಂ ಸಾಬ್ ಹಳೆ ಲಾರಿ, ಹಳೆ ಮಿಷನ್ನು ಕೊಂಡು ಮಾರುವವರು. ಫೋನಾಯಿತು. ಹಿನ್ನೀರಿನಲ್ಲಿ ದೋಣಿ ವಿಹಾರ ಶುರು ಮಾಡುವ ಒಂದು ಪಾರ್ಟಿ ಇದೆ, ಭಾನುವಾರ ಬಂದು ನೋಡ್ತೀನಿ ಎಂದರು ಸಾಬರು.

“ನೋಡವ್ವಾ” ಎಂದು ಅತ್ತೆ ಸೊಸೆಯನ್ನು ಅಡುಗೆಮನೆಗೆ ಕರೆದರು. ದೋಣಿಯ ವಿಷಯದಲ್ಲಿ ಅತ್ತೆ ಸೊಸೆ ಒಂದೇ ಪಕ್ಷ. ಅತ್ತೆಗೆ ಹಗಲು ಕಾಲು ಚಾಚಿ ಕೂರುವ ಬಿಸಿಲು ಹೋಗಿತ್ತು. “ಎಮ್ಮೆ ಮಾರೋವಾಗ ಮನೆ ಹೆಂಗ್ಸು ನಗ್‌ನಗ್ತಾ ಹಗ್ಗ ಕೊಡಬಾರ್ದು. ಕೊಟ್ರೆ, ಇದಕ್ಕೆ ಒದೆಯೋ ಚಾಳಿ ಐತೆ ಅಂತ ಬಂದವ್ರು ವಾಪಸ್ ಹೋಗ್ತಾರೆ. ಕೊಡಲ್ಲ ಅನ್ಬೇಕು, ಕೊಂಬು ಸವರಬೇಕು, ಒಂದು ತೊಟ್ಟು ಕಣ್ಣೀರು ಹಾಕ್ಬೇಕು. ಆಗ ಗಿರಾಕಿ ಗಟ್ಟಿ.”

“ಇದು ದೋಣಿ ಅಲ್ವಾ ಅತ್ತೆ?”

“ನಾಕು ಕಾಲಿಲ್ಲ ಅನ್ನೋದು ಬಿಟ್ರೆ ಎಮ್ಮೇನೇ. ಮನೇಲಿ ಮಲಗಿ ತಿಂತಾ ಐತಲ್ಲ.”

ಭಾನುವಾರ ಖಾಸಿಂ ಸಾಬರು ಬಂದರು. ದೋಣಿಯ ಹೊಟ್ಟೆ ತಟ್ಟಿದರು, ಪಂಖದ ಅಂಚಿಗೆ ಬೆರಳಾಡಿಸಿದರು, ಎಂಜಿನ್ನಿನ ಮುಚ್ಚಳ ತೆಗೆಸಿ ಮೂಸಿದರು. ಗಂಡಸರಿಬ್ಬರೂ ಒಂದು ಮಾತಿಗೆ ಬಂದರು. ಟ್ರೇಲರಿನ ಹಗ್ಗ ಕೈಗೆತ್ತಿಕೊಳ್ಳುವ ಮುಂಚೆ ಸಾಬರು ಬಾಗಿಲ ಕಡೆ ತಿರುಗಿ, “ಏನ್ ತಾಯಿ, ನಿಮ್ಮ ಒಪ್ಪಿಗೆ ಐತಾ?” ಎಂದರು.

ಅತ್ತೆ ಹಿಂದಿನಿಂದ ತಿವಿದರು. ಮಲ್ಲಿಕಾಂಬ ಮುಂದೆ ಬಂದು, “ಕೊಡಕ್ಕೆ ಮನ್ಸೇ ಬರ್ತಿಲ್ಲ ಸಾಬ್ರೇ” ಎಂದು ಎಂಜಿನ್ನಿನ ತಲೆ ಸವರಿದಳು. ಕಣ್ಣೀರು ಬರಲಿಲ್ಲ. ಬರಿಸಬೇಕಲ್ಲ ಎಂದು ಗಂಜಿಯಾದ ಸಂಡಿಗೆಯನ್ನು ನೆನೆದಳು. ಒಂದು ಹನಿ ಬಂತು. ಸೀಳಿದ ಡ್ರಮ್ಮನ್ನು ನೆನೆದಳು, ನಾಲ್ಕು ಬಂದವು. ‘ನೋಡಿದ್ಯೇನೇ, ಪವರ್ರು?’ ಎಂದ ಆ ಒದ್ದೆ ಮೀಸೆ ನೆನಪಾಯಿತು. ಅಷ್ಟೇ, ಗಂಟಲಲ್ಲಿ ಇಷ್ಟು ದಿನ ಗುಂಪುಗಟ್ಟಿ ನಿಂತಿದ್ದದ್ದೆಲ್ಲ ಒಟ್ಟಿಗೇ ಹೊರಬಿತ್ತು. ಎಂಜಿನ್ನನ್ನು ತಬ್ಬಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ನಿಲ್ಲಿಸಲು ನೋಡಿದಷ್ಟೂ ಜೋರಾಯಿತು. ಕಾಂಪೌಂಡಿನಾಚೆ ಪಕ್ಕದ ಮನೆಯ ಹನುಮಂತಮ್ಮನ ತಲೆ ಎದ್ದಿತು.

ಸಾಬರು ಹಗ್ಗ ಕೆಳಗಿಟ್ಟರು.

“ಬೇಡ ಸಿದ್ದಲಿಂಗೇಶಪ್ಪ. ಲಾರಿ ಮಾರೋವಾಗ ಎಷ್ಟೋ ಜನ ಅತ್ತಿದ್ದು ನೋಡೀನಿ, ಅದೆಲ್ಲ ನಾಟ್ಕ. ಇದು ಹೊಟ್ಟೆಯೊಳಗಿಂದ ಬಂದಿರೋ ಅಳು. ಹೆಣ್ಮಗಳ ಕಣ್ಣೀರು ಹಾಕ್ಸಿ ಒಯ್ದಿದ್ದು ನಂಗೆ ದಕ್ಕಲ್ಲ.”

ಮಲ್ಲಿಕಾಂಬಳ ಅಳು ಗಕ್ಕನೆ ನಿಂತಿತು. “ಅಯ್ಯೋ, ಇಲ್ಲ ಸಾಬ್ರೇ! ತಗಂಡೋಗಿ! ಸಂತೋಷವಾಗಿ ಕೊಡ್ತಿದೀನಿ!”

“ನೋಡಿ, ಗಂಡನ ಮರ್ಯಾದೆಗೋಸ್ಕರ ಹೆಂಗೆ ನುಂಗ್ಕೊಂತಾವ್ರೆ!” ಎಂದು ಸಾಬರು ಟೋಪಿ ಸರಿಮಾಡಿಕೊಂಡರು.

“ನಿಜವಾಗ್ಲೂ ನಂಗೆ ಇದು ಬೇಡ! ಕಂಡ್ರಾಗಲ್ಲ!”

“ಸಾಕು ತಾಯಿ, ಇನ್ನು ನಂಗೆ ನೋಡಕ್ಕಾಗಲ್ಲ” ಎಂದು ಕಣ್ಣೊರೆಸಿಕೊಂಡು ಹೊರಟೇಬಿಟ್ಟರು.

ಸಿದ್ದಲಿಂಗೇಶ್ ಹೆಂಡತಿಯನ್ನು ಮದುವೆಯಾದಾಗಲೂ ಹಾಗೆ ನೋಡಿರಲಿಲ್ಲ. “ಇಷ್ಟು ದಿನ ಬೈಯ್ತಿದ್ದಿದ್ದು ಬರೀ ಬಾಯಿ ಮಾತೇನೇ? ನಿನ್ನ ಮನ್ಸು ನಂಗೆ ಗೊತ್ತಾಗ್ಲಿಲ್ವಲ್ಲೇ” ಎಂದವನೇ ಚಪ್ಪಲಿ ಮೆಟ್ಟಿ ಸಾಬರ ಹಿಂದೆ ಓಡಿದ.

ಬುಧವಾರದ ಹೊತ್ತಿಗೆ ಇಡೀ ಬೀದಿಗೆ ಸುದ್ದಿ ಹಬ್ಬಿತ್ತು. ಹೆಂಗಸರು ಬಂದು ಮಲ್ಲಿಕಾಂಬಳ ಬೆನ್ನು ಸವರಿ, “ಅಳ್ಬೇಡ ಬಿಡವ್ವ, ಉಳೀತಲ್ಲ” ಎಂದು ಸಮಾಧಾನ ಹೇಳುತ್ತಿದ್ದರು. ಅದೇ ಹೊತ್ತಿಗೆ ಮನೆ ಮುಂದೆ ಒಂದು ಪಿಕಪ್ ಗಾಡಿ ನಿಂತಿತು. ಗಂಡ ಇಳಿದ. ಹಿಂದಿನಿಂದ ಖಾಸಿಂ ಸಾಬರೂ ನಗುತ್ತಾ ಇಳಿದರು. ಗಾಡಿಯಲ್ಲಿ ಕಪ್ಪಗೆ, ನುಣ್ಣಗೆ, ಆಳೆತ್ತರ ಇನ್ನೊಂದು ಎಂಜಿನ್ ನಿಂತಿತ್ತು.

“ಅದೇ ರೆಸಾರ್ಟಿನ ಜೋಡಿ ಕಣೇ!” ಎಂದ ಸಿದ್ದಲಿಂಗೇಶ್. “ಸಾಬ್ರು ಹುಡುಕ್ಸಿದ್ರು. ಒಂಟೆತ್ತು ಎಷ್ಟಂತ ಎಳೆದೀತು? ಇವತ್ತಿಂದ ಮುನ್ನೂರು! ಇನ್ನು ಜನ್ಮದಲ್ಲಿ ಮಾರೋ ಮಾತೆತ್ತಲ್ಲ ಅಂತ ಸಾಬ್ರ ಮುಂದೆ ಆಣೆ ಮಾಡಿದೀನಿ. ಎಲ್ಲ ನಿಂಗೋಸ್ಕರ.”

ಅಂಗಳದಲ್ಲಿ ಉಳಿದಿದ್ದ ಆ ಒಂದು ಪಟ್ಟಿ ಬಿಸಿಲಿನ ಮೇಲೆ, ಬಚ್ಚಲ ಪಕ್ಕದಲ್ಲಿ, ನಾಲ್ಕು ಜನ ಸೇರಿ ಎಂಜಿನ್ನನ್ನು ಇಳಿಸಿದರು. ಮಲ್ಲಿಕಾಂಬ ನೋಡುತ್ತಾ ನಿಂತಳು. ಕಣ್ಣು ತುಂಬಿತು. ಆಮೇಲೆ ಅವಳು, ಸೇರಿದ್ದ ಹೆಂಗಸರೆಲ್ಲರ ಎದುರಿಗೇ, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಗೊಳೋ ಎಂದು ಅತ್ತಳು.

“ಆನಂದಬಾಷ್ಪ” ಎಂದರು ಖಾಸಿಂ ಸಾಬರು, ಗದ್ಗದರಾಗಿ.

ಸಿದ್ದಲಿಂಗೇಶ್ ಜೇಬಿನಿಂದ ಫೋನ್ ತೆಗೆಯುವುದನ್ನು ಕಂಡ ವಿಶಾಲಾಕ್ಷಮ್ಮ ಒಂದೇ ನೆಗೆತಕ್ಕೆ ಬಂದು ಸೊಸೆಯ ಬಾಯಿ ಮುಚ್ಚಿದರು.

“ನಿಲ್ಸೇ ಮಾರಾಯ್ತಿ! ಮೂರ್ನೇದು ತಂದಾನು!”