ಮೋಡೆಂ ಕೂರಿಸಿದ ಗುಮಾಸ್ತರು

ಈ ಸಲದ ವರ್ಗಾವಣೆ ಅರ್ಜಿಗಳನ್ನು ಇ-ಮೇಲಿನಲ್ಲೇ ಕಳಿಸಬೇಕು, ಕಾಗದದಲ್ಲಿ ಬಂದದ್ದನ್ನು ಬಿಚ್ಚಿಯೂ ನೋಡುವುದಿಲ್ಲ ಎಂದು ಮುಖ್ಯ ಕಚೇರಿಯಿಂದ ಸುತ್ತೋಲೆ ಬಂತು. ಸುತ್ತೋಲೆ ಬಂದದ್ದು ಕಾಗದದಲ್ಲಿ. ಅದು ತೂಕ-ಅಳತೆ ಇಲಾಖೆಯ ಶಾಖಾ ಕಚೇರಿಯ ಗುಮಾಸ್ತರ ಮೇಜಿಗೆ ಬಂದು ಬಿದ್ದಾಗ ಕೊನೆಯ ದಿನದ ಬೆಳಗಿನ ಹತ್ತೂವರೆ. ಗಡುವು ಅದೇ ಸಂಜೆ ಐದು.

ಗುಮಾಸ್ತರ ಹೆಂಡತಿ ಎಂಟು ಗಂಟೆಯ ಬಸ್ಸು ದಾರಿಯಾಚೆ ಇನ್ನೊಂದು ಊರಿನಲ್ಲಿ ಟೀಚರು. ಮಗಳೂ ಅಲ್ಲೇ. ನಾಲ್ಕು ವರ್ಷದಿಂದ ಹೀಗೇ ನಡೆದಿತ್ತು. ಹೋದ ಸಲ ಮನೆಗೆ ಹೋದಾಗ ಮಗಳು ಬಾಗಿಲು ತೆಗೆದು, "ಕೂತ್ಕೊಳ್ಳಿ, ಅಮ್ಮ ಈಗ ಬರ್ತಾರೆ" ಎಂದು ನೆಂಟರಿಗೆ ಹೇಳುವಂತೆ ಹೇಳಿದ್ದಳು. ಅದು ಗುಮಾಸ್ತರ ಎದೆಗೆ ನಾಟಿತ್ತು. ಈ ವರ್ಷ ಏನಾದರಾಗಲಿ, ಆ ಊರಿನ ಶಾಖೆಗೆ ಹೋಗಲೇಬೇಕು.

ಕಂಪ್ಯೂಟರನ್ನು ಫೋನಿನ ತಂತಿಗೆ ಜೋಡಿಸಿ ಇ-ಮೇಲು ಕಳಿಸುವ ಮೋಡೆಂ ಕಚೇರಿಯಲ್ಲಿ ಇತ್ತು. ಆರು ತಿಂಗಳಿಂದ ಬೀರುವಿನಲ್ಲಿ, ಡಬ್ಬದೊಳಗೆ, ಡಬ್ಬದ ಮೇಲೆ ದಾಸ್ತಾನು ಸಂಖ್ಯೆ ಬರೆಸಿಕೊಂಡು ತಣ್ಣಗೆ ಕೂತಿತ್ತು.

"ಇದು ಕಂಪ್ಯೂಟರ್ ಹೊಟ್ಟೆ ಒಳಗೆ ಕೂರೋ ಜಾತಿಯಂತೆ," ಎಂದರು ಸಾಹೇಬರು. "ಯಾರಿಗ್ರೀ ಬರುತ್ತೆ?"

ಎಲ್ಲರೂ ಫ್ಯಾನು ನೋಡಿದರು. ಗರಜಿದ್ದವರು ಗುಮಾಸ್ತರೊಬ್ಬರೇ.

"ನಾನೇ ನೋಡ್ತೀನಿ ಸಾರ್."

ಐದು ಗ್ರಾಮಿನಿಂದ ಐವತ್ತು ಕಿಲೋವರೆಗಿನ ತೂಕದ ಬಟ್ಟುಗಳೆಲ್ಲ ಇದ್ದ ಆ ಕಚೇರಿಯಲ್ಲಿ ಒಂದು ಸ್ಕ್ರೂಡ್ರೈವರ್ ಇರಲಿಲ್ಲ. ಕೆಳಗಿನ ಅಂಗಡಿಯ ಟೈಲರ್ ಹತ್ತಿರ ಹೊಲಿಗೆ ಮಿಷನ್ನಿನದು ಇತ್ತು.

"ಕೊಡ್ತೀನಿ, ಅದಕ್ಕೇನಂತೆ. ಆದ್ರೆ ಇದು ನಮ್ಮಪ್ಪನ ಕಾಲದ್ದು ಸಾರ್. ಇದು ಎಲ್ಲಿಗೆ ಹೋಗುತ್ತೋ ನಾನೂ ಅಲ್ಲಿಗೇ," ಎಂದು ಟೈಲರ್ ಕೊರಳಲ್ಲಿ ಟೇಪು ಇಳಿಬಿಟ್ಟುಕೊಂಡು ಹಿಂದೆಯೇ ಮೆಟ್ಟಿಲು ಹತ್ತಿ ಬಂದ.

ಗುಮಾಸ್ತರು ಕಂಪ್ಯೂಟರಿನ ಮುಚ್ಚಳ ಬಿಚ್ಚಿ ಮೋಡೆಂ ಕಾರ್ಡನ್ನು ಸಂದಿಯಲ್ಲಿ ಇಟ್ಟರು. "ಇನ್ನೂ ಸ್ವಲ್ಪ ಒತ್ರೀ," ಎಂದರು ಸಾಹೇಬರು. "ಅಯ್ಯೋ, ಮುರಿದೀತು!" ಎಂದರು ಟೈಪಿಸ್ಟ್ ಮೇಡಂ. ಇಬ್ಬರ ಮಾತೂ ಕೇಳಿದ ಗುಮಾಸ್ತರ ಕೈಯಿಂದ ಸ್ಕ್ರೂ ಜಾರಿ ಒಳಗೆ ಬಿತ್ತು. ಗುಂಡುಸೂಜಿ ಆರಿಸುವ ಅಯಸ್ಕಾಂತ ತರಲು ಟೈಲರ್ ಕೆಳಗೆ ಓಡಿದ. ಹೋಗುವಾಗ ಸ್ಕ್ರೂಡ್ರೈವರನ್ನೂ ಒಯ್ದ.

ಅಂತೂ ಹನ್ನೆರಡಕ್ಕೆ ಕಾರ್ಡು ಕೂತಿತು. ಫೋನಿನ ತಂತಿಯನ್ನು ಕಿತ್ತು ಮೋಡೆಮ್ಮಿಗೆ ಚುಚ್ಚಿದರು. ಡಯಲ್ ಟೋನ್ ಇಲ್ಲ ಎಂದಿತು ಕಂಪ್ಯೂಟರು. ಮೋಡೆಂ ಕಂಪನಿಯವರನ್ನು ಕೇಳೋಣವೆಂದರೆ ಕಚೇರಿಗೆ ಇರುವುದು ಅದೊಂದೇ ತಂತಿ. ಅದನ್ನು ಮತ್ತೆ ಫೋನಿಗೆ ಚುಚ್ಚಬೇಕಾಯಿತು.

"ಈಗ ಪರದೆ ಮೇಲೆ ಏನ್ ಬರ್ತಿದೆ ಸಾರ್?" ಎಂದ ಕಂಪನಿಯವನು.

"ಅದು ಗೊತ್ತಾಗ್ಬೇಕಾದ್ರೆ ನಿಮ್ಮನ್ನ ಕಟ್ ಮಾಡ್ಬೇಕು."

"ಮಾಡಿ, ನೋಡಿ ಹೇಳಿ."

ಕಟ್ ಮಾಡಿ, ನೋಡಿ, ಮತ್ತೆ ಫೋನ್ ಮಾಡಿದರೆ ಬೇರೆಯವನು ಎತ್ತಿ ಮೊದಲಿನಿಂದ ಶುರು ಮಾಡುತ್ತಿದ್ದ. ಹೀಗೆ ನಾಲ್ಕು ಸಲ. ಐದನೆಯ ಸಲ ಗುಮಾಸ್ತರು ತಂತಿಯನ್ನು ಫೋನಿಗೆ ಚುಚ್ಚುತ್ತಲೇ ಅದು ತಾನಾಗಿ ರಿಂಗಾಯಿತು.

"ರೀ, ಅರ್ಜಿಗೆ ಇವತ್ತೇ ಕೊನೆ ಅಲ್ವಾ, ಕಳಿಸಿದ್ರಾ?" ಎಂದಳು ಹೆಂಡತಿ.

"ನೀನು ಇಟ್ರೆ ಕಳಿಸ್ತೀನಿ."

"ಹನ್ನೆರಡರಿಂದ ಸಿಗ್ಲಿಲ್ಲ, ಸಿಕ್ಕ ಕೂಡ್ಲೇ ಇಡು ಅಂತೀರಲ್ಲ!" ಎಂದು ಇಟ್ಟಳು.

ಇಷ್ಟರಲ್ಲಿ ಟೈಲರ್ ಕಂಪ್ಯೂಟರಿನ ಹಿಂದೆ ಕುಕ್ಕರುಗಾಲಲ್ಲಿ ಕೂತಿದ್ದ. "ಸಾರ್, ಇಲ್ಲಿ ಎರಡು ತೂತಿದೆ. ನೀವು ಇಷ್ಟೊತ್ತಿಂದ ನೂಲನ್ನ ತಪ್ಪು ತೂತಿಗೆ ಪೋಣಿಸ್ತಿದೀರಿ."

ನಿಜವೇ ಆಗಿತ್ತು. ಮೂರು ಗಂಟೆಗೆ ಮೋಡೆಂ ಡಯಲ್ ಮಾಡಿತು. ಆಮೇಲೆ ಕೀಂ, ಕರ್, ಕ್ರೀಂಚ್ ಎಂದು ಕೂಗತೊಡಗಿತು. ಲೈನು ಸಿಕ್ಕಿತೆಂದು ಗುಮಾಸ್ತರ ಕಣ್ಣಲ್ಲಿ ನೀರೇ ಬಂತು. ಟೈಲರ್ ಹೌಹಾರಿ, "ನಿಲ್ಸಿ, ನಿಲ್ಸಿ! ಒಳಗೆ ಸೂಜಿ ಮುರೀತಿದೆ!" ಎಂದವನೇ ಕರೆಂಟಿನ ಪ್ಲಗ್ಗನ್ನೇ ಕಿತ್ತುಬಿಟ್ಟ.

ಅವನನ್ನು ದೂರದ ಸ್ಟೂಲಿನ ಮೇಲೆ ಕೂರಿಸಿ ಮತ್ತೆ ಹಚ್ಚಿದರೆ ಹೊಸ ಪೀಡೆ. ಮೌಸ್ ಅಲ್ಲಾಡಿಸಿದ ತಕ್ಷಣ ಮೋಡೆಂ ಸಾಯುತ್ತಿತ್ತು. ಒಂದೇ ಅಡುಗೆಮನೆಯ ವಾರಗಿತ್ತಿಯರ ಹಾಗೆ, ಒಬ್ಬಳು ಒಳಗೆ ಬಂದರೆ ಇನ್ನೊಬ್ಬಳು ಹೊರಗೆ. ಇದು ತಿಳಿಯುವಷ್ಟರಲ್ಲಿ ನಾಲ್ಕೂವರೆ.

"ಮೌಸ್ ಕಿತ್ತು ಬಿಸಾಕಿ," ಎಂದರು ಟೈಪಿಸ್ಟ್ ಮೇಡಂ. "ನನಗೆ ಕೀಲಿಮಣೆ ಸಾಕು. ಏಳಿ ಆಚೆ."

ಮೇಡಂ ಟಕಟಕನೆ ಅರ್ಜಿ ಹೊಡೆದರು. ಕಳಿಸುವ ಮುಂಚೆ ಸಾಹೇಬರು ತಡೆದರು. "ತಾಳಮ್ಮ, ಪಾಪ, ನನ್ನದೂ ಎರಡು ಒಳ್ಳೇ ಮಾತು ಇರ್ಲಿ. 'ಅರ್ಜಿದಾರರು ಇಡೀ ದಿನ ಕೂತು ಸ್ವತಃ ಮೋಡೆಂ ಜೋಡಿಸಿರುತ್ತಾರೆ. ಬಹಳ ಸಮರ್ಥರು.' ಹೊಡಿ."

ನಾಲ್ಕು ಐವತ್ತೆರಡಕ್ಕೆ ಅರ್ಜಿ ಹೋಯಿತು. ಗುಮಾಸ್ತರು ಟೈಲರನ್ನು ತಬ್ಬಿಕೊಂಡರು. ಯಾರಿಗೂ ಮನೆಗೆ ಹೋಗಲು ಮನಸ್ಸಿಲ್ಲ. ಐದೂಕಾಲಿಗೆ ಉತ್ತರವೇ ಬಂದುಬಿಟ್ಟಿತು. ಸಾಹೇಬರು ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದರು.

"'ಹದಿನೆಂಟು ಶಾಖೆಗಳ ಪೈಕಿ ಗಡುವಿನೊಳಗೆ ಬಂದಿರುವುದು ನಿಮ್ಮ ಅರ್ಜಿ ಒಂದೇ.'"

"ಅಂದ್ರೆ ಪೈಪೋಟಿನೇ ಇಲ್ಲ!" ಎಂದರು ಮೇಡಂ. ಗುಮಾಸ್ತರಿಗೆ ಮನೆಯ ಬಾಗಿಲು ಕಣ್ಣಿಗೆ ಕಟ್ಟಿತು.

"'ಉಳಿದ ಹದಿನೇಳು ಶಾಖೆಗಳಲ್ಲಿ ಮೋಡೆಂ ಇನ್ನೂ ಡಬ್ಬದಲ್ಲೇ ಇರುವುದು ಇದರಿಂದ ತಿಳಿದುಬಂದಿದೆ. ಇಲಾಖೆಯಲ್ಲಿ ಈ ಕೆಲಸ ಬಲ್ಲವರು ತಾವೊಬ್ಬರೇ ಆದ್ದರಿಂದ ವರ್ಗಾವಣೆ ಸಾಧ್ಯವಿಲ್ಲ. ಸೋಮವಾರದಿಂದ ಸದರಿ ಶಾಖೆಗಳಿಗೆ ತೆರಳಿ ಮೋಡೆಂ ಜೋಡಿಸತಕ್ಕದ್ದು. ಒಂದು ಶಾಖೆಗೆ ಒಂದೇ ದಿನ.'"

ಕೆಳಗೆ ಕೊಟ್ಟಿದ್ದ ಶಾಖೆಗಳ ಪಟ್ಟಿಯಲ್ಲಿ ಹೆಂಡತಿಯ ಊರು ಹದಿನೇಳನೆಯದು.

ಸಾಹೇಬರು ತಾವೇ ತಂತಿ ಕಿತ್ತು ಫೋನಿಗೆ ಚುಚ್ಚಿದರು. ಅದು ಕಾದಿದ್ದಂತೆ ರಿಂಗಾಯಿತು. ಮಗಳು.

"ಅಪ್ಪಾ, ಬರ್ತೀರಂತಾ?"

"ಬರ್ತೀನಿ ಪುಟ್ಟಿ."

"ಎಷ್ಟು ದಿನ ಇರ್ತೀರಿ?"

"ಒಂದು ದಿನ," ಎಂದರು ಗುಮಾಸ್ತರು.

"ಸರಿ, ಅಮ್ಮಂಗೆ ಹೇಳ್ತೀನಿ," ಎಂದು ಮಗಳು ಮರ್ಯಾದೆಯಿಂದ ಫೋನಿಟ್ಟಳು.

ಸ್ಟೂಲಿನ ಮೇಲಿಂದ ಟೈಲರ್ ಎದ್ದ. ಸ್ಕ್ರೂಡ್ರೈವರನ್ನು ಅಂಗಿಗೆ ಒರೆಸಿ ಜೇಬಿನಲ್ಲಿಟ್ಟುಕೊಂಡು, ತುಸು ಯೋಚಿಸಿ ಕೇಳಿದ.

"ಸೋಮವಾರ ಎಷ್ಟೊತ್ತಿನ ಬಸ್ಸು ಸಾರ್? ನಾನು ಅಂಗಡಿಗೆ ಬೀಗ ಹಾಕ್ಬೇಕಲ್ಲ."