ಹಿನ್ನೀರಿನ ಮಕ್ಕಳು ಮತ್ತು ನಮ್ಮ ಮಾವನ ಕಪ್ಪು-ಬಿಳುಪು

ನಮ್ಮ ಸೋದರಮಾವನಿಗೆ ಬಣ್ಣ ಕಂಡರೆ ಆಗುತ್ತಿರಲಿಲ್ಲ ಎಂದರೆ ನೀವು ನಂಬಲಿಕ್ಕಿಲ್ಲ. ಕಣ್ಣಿನ ದೋಷವಲ್ಲ, ಬರೀ ಹಟ. ತೊಂಬತ್ತರ ದಶಕದಲ್ಲಿ ಸಕಲೇಶಪುರದ ಸ್ಟುಡಿಯೋಗಳೆಲ್ಲ ಕಲರ್‌ಗೆ ತಿರುಗಿ, ಗುಲಾಬಿ ತೋಟದ ಪರದೆ ಇಳಿಬಿಟ್ಟುಕೊಂಡು ಕೂತಿದ್ದಾಗ, ಆನೇಮಹಲ್ ಹತ್ತಿರದ ಎಸ್ಟೇಟೊಂದರಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರ್ ಆಗಿದ್ದ ಈ ಮನುಷ್ಯ ಬಚ್ಚಲುಮನೆಯ ಕಿಟಕಿಗೆ ಕಂಬಳಿ ಹೊದಿಸಿ ಕಪ್ಪು-ಬಿಳುಪು ಫಿಲ್ಮು ತೊಳೆಯುತ್ತಿದ್ದ. ಅವನು ಒಳಗೆ ಹೊಕ್ಕನೆಂದರೆ ಮನೆಯವರ ಸ್ನಾನವೆಲ್ಲ ಮಧ್ಯಾಹ್ನಕ್ಕೆ.

"ಬಣ್ಣ ಬಂದ್ರೆ ಜನ ಸೀರೆ ನೋಡ್ತಾರೆ ಕಣೇ, ಮುಖ ನೋಡಲ್ಲ" ಎಂದು ನನಗೆ ಪಾಠ ಬೇರೆ.

ಇಂಥವನಿಗೆ ನನ್ನ ಅಕ್ಕನ ಮದುವೆಯ ಫೋಟೋ ವಹಿಸಿದ್ದು ನಮ್ಮಪ್ಪನ ತಪ್ಪು. ಆಲ್ಬಮ್ ಬಿಚ್ಚಿದರೆ ತಾಳಿ ಕಟ್ಟಿದ್ದು ಒಂದೇ ಒಂದು, ಅದರಲ್ಲೂ ಮದುಮಗನ ಅರ್ಧ ಪೇಟ. ಮಿಕ್ಕಿದ್ದೆಲ್ಲ ಪಂಕ್ತಿಯಲ್ಲಿ ಪಾಯಸ ಮೈಮೇಲೆ ಸುರಿದುಕೊಂಡ ಮಕ್ಕಳು.

"ಗಂಡೆಲ್ಲಯ್ಯಾ?" ಎಂದರು ಅಪ್ಪ.

"ಗಂಡು ಎಲ್ಲಿಗೂ ಓಡೋಗಲ್ಲ ಭಾವ. ಆ ಮಗ ನಾಳೆ ಹಿಂಗಿರಲ್ಲ."

ನಮ್ಮದು ಅಯ್ನೋರ ಮನೆತನ. ಮೀನಿನಂಗಡಿ ಬಂದರೆ ರಸ್ತೆಯ ಆಚೆ ಬದಿಗೆ ದಾಟುವ ಜನ. ಅಂಥದ್ದರಲ್ಲಿ ಮಾವ ಪ್ರತಿ ಭಾನುವಾರ ಲಿಂಗಪೂಜೆ ಮುಗಿಸಿ, ಹಣೆ ತುಂಬ ವಿಭೂತಿ ಹಚ್ಚಿ, ಆಲೂರಿನ ಬಸ್ಸು ಹತ್ತಿ ಹೋಗುತ್ತಿದ್ದುದು ಎಲ್ಲಿಗೆ? ಹೇಮಾವತಿಯ ಹಿನ್ನೀರಿನ ದಡದಲ್ಲಿ ಡೇರೆ ಹಾಕಿದ್ದ ಮೀನುಗಾರರ ಮಕ್ಕಳ ಫೋಟೋ ತೆಗೆಯಲು. ಮೊದಲ ದಿನ ವಾಸನೆಗೆ ಹೆದರಿ ಮೂಗಿಗೆ ಕರ್ಚೀಫು ಕಟ್ಟಿಕೊಂಡು ಹೋದನಂತೆ. ಡಕಾಯಿತ ಬಂದನೆಂದು ಮಕ್ಕಳೆಲ್ಲ ಬಲೆಯ ಕೆಳಗೆ ಅಡಗಿದವು. ಕರ್ಚೀಫು ಬಿಚ್ಚಿದ ಮೇಲೆಯೇ ಒಂದೊಂದಾಗಿ ತಲೆ ಹೊರಗೆ ಬಂದದ್ದು.

ಇನ್ನೊಂದು ಸಲ ಹರಿಗೋಲು ಹತ್ತಿದ. ಅದು ಸುಮ್ಮನೆ ನಿಲ್ಲುವ ವಸ್ತುವೇ? ಎರಡು ಸುತ್ತು ತಿರುಗಿ ಮಾವನನ್ನು ಸೊಂಟದುದ್ದ ನೀರಿಗೆ ಇಳಿಸಿತು. ಕ್ಯಾಮೆರಾ ಮಾತ್ರ ಎತ್ತಿದ ಕೈಯಲ್ಲಿ ಒಣಗಿಯೇ ಇತ್ತು. ಒದ್ದೆ ಕೈಯಲ್ಲಿ ಹಣೆ ಒರೆಸಿಕೊಂಡಿದ್ದನೇನೋ, ಮನೆಗೆ ಬಂದಾಗ ವಿಭೂತಿಯಿದ್ದ ಜಾಗದಲ್ಲಿ ಮೀನಿನ ಹುರುಪೆಯೊಂದು ಹೊಳೆಯುತ್ತಿತ್ತು.

"ಒಳಗ್ ಬರ್ಬೇಡಿ, ಅಲ್ಲೇ ನಿಂತ್ಕಳಿ" ಎಂದು ಅತ್ತೆ ಅಂಗಳದಲ್ಲೇ ಎರಡು ಕೊಡ ನೀರು ಸುರಿದಳು.

ತೆಗೆದ ಫೋಟೋಗಳನ್ನು ಆ ಮಕ್ಕಳ ಮನೆಗೇ ಕೊಡುತ್ತಿದ್ದ. ಆದರೆ ಸೋರುವ ಡೇರೆಯಲ್ಲಿ ಕಾಗದ ಎಷ್ಟು ದಿನ ಬಾಳೀತು? "ನೀವೇ ಮಡಿಕಳಿ ಅಯ್ನೋರೆ, ನಾವೇ ಬಂದು ನೋಡ್ತೀವಿ" ಎಂದರು ತಾಯಂದಿರು. ಸಂತೆಯ ದಿನ ಮೀನು ಮಾರಿ, ಮಾವನ ಮನೆಯವರೆಗೂ ಬಂದು, ಜಗಲಿಯಲ್ಲಿ ಕೂತು ತಮ್ಮ ಮಕ್ಕಳನ್ನು ಆಲ್ಬಮ್‌ನಲ್ಲಿ ನೋಡಿ ನಗುತ್ತಿದ್ದರು. ಅತ್ತೆಯ ಕಾನೂನು ಒಂದೇ: ಬುಟ್ಟಿ ಗೇಟಿನಾಚೆ, ಜನ ಜಗಲಿಯಲ್ಲಿ.

ಒಂದು ಬೇಸಿಗೆ ರಜೆಯಲ್ಲಿ ನಾನು ಅಲ್ಲಿದ್ದೆ. ಮಾವ ಪೇಟೆಗೆ ಹೋಗಿದ್ದ. ಸಂತೆಯ ದಿನವಲ್ಲದಿದ್ದರೂ ಹೆಂಗಸೊಬ್ಬಳು ಬಂದು ಗೇಟಿನ ಹತ್ತಿರ ನಿಂತಳು.

"ಫೋಟೋ ಅಯ್ನೋರು ಇಲ್ವಾ ಅವ್ವ? ನಮ್ ಕೂಸು ಜ್ವರ ಬಂದು ಹೋಗ್ಬುಡ್ತು. ಹದಿನೈದು ದಿನ ಆಯ್ತು. ಕಣ್ಮುಚ್ಚಿದ್ರೆ ಅದ್ರ ಮುಖ ಬರ್ತಾ ಇಲ್ಲ."

ಅತ್ತೆ ಗೇಟಿನವರೆಗೆ ಹೋದಳು. ಅವಳ ಕೈ ಹಿಡಿದು ಜಗಲಿ ದಾಟಿಸಿ ನಡುಮನೆಯಲ್ಲಿ ಚಾಪೆ ಹಾಸಿ ಕೂರಿಸಿ, ತಾನೂ ಪಕ್ಕದಲ್ಲಿ ಕೂತು ಆಲ್ಬಮ್ ಬಿಚ್ಚಿದಳು. ಹತ್ತನೆಯದೋ ಹನ್ನೊಂದನೆಯದೋ ಪುಟ. ಒಣಹಾಕಿದ ಬಲೆಯ ಹಿಂದೆ ನಿಂತ ನಾಲ್ಕು ವರ್ಷದ ಹುಡುಗಿ, ಬಾಯಿ ತುಂಬ ಏನೋ ತುಂಬಿಕೊಂಡಿದ್ದಳು. ತಾಯಿ ಸೆರಗಿಗೆ ಕೈ ಒರೆಸಿಕೊಂಡು ಆ ಕೆನ್ನೆಯ ಮೇಲೆ ಬೆರಳಿಟ್ಟಳು.

"ಮಗೀನ್ ಹೆಸರೇನವ್ವ?" ಎಂದು ಅತ್ತೆ ಕೇಳಿದಳು.

"ಚಿಕ್ತಾಯಿ."

ಅತ್ತೆ ಫೋಟೋ ಬಿಡಿಸಿ ಅವಳ ಕೈಗೆ ಕೊಟ್ಟಳು. "ನೆಂದೋದ್ರೆ ಬಾ, ಇನ್ನೊಂದ್ ಮಾಡಿಸ್ಕೊಡ್ತೀನಿ. ಎಷ್ಟ್ ಸಲ ನೆಂದ್ರೂ ಬಾ."

ಸಂಜೆ ಮಾವ ಬಂದ. ಅತ್ತೆ ನಡೆದದ್ದನ್ನೆಲ್ಲ ಹೇಳಿದಳು. ಅವನು ಆಲ್ಬಮ್ ತೆಗೆದು, ಖಾಲಿಯಾದ ಜಾಗದಲ್ಲಿ ಪೆನ್ಸಿಲಿನಿಂದ 'ಚಿಕ್ಕತಾಯಿ' ಎಂದು ಬರೆದ. ಮುಂದಿನ ಪುಟ ತಿರುಗಿಸಿದ, ಅದರ ಮುಂದಿನದನ್ನೂ ತಿರುಗಿಸಿದ. "ಇಷ್ಟು ವರ್ಷ ಒಂದ್ ಹೆಸರೂ ಕೇಳಿಲ್ವಲ್ಲೇ ನಾನು" ಅಂದ.

ಆ ಭಾನುವಾರ ಆಲೂರಿನ ಬಸ್ಸಿಗೆ ಅತ್ತೆಯೂ ಹತ್ತಿದಳು. ದಿನವಿಡೀ ಡೇರೆಯಿಂದ ಡೇರೆಗೆ ಹೋಗಿ ಅವಳು ಹೆಸರು ಕೇಳಿದಳಂತೆ, ಅವನು ಬರೆದುಕೊಂಡನಂತೆ. ಫೋಟೋ ಮಾತ್ರ ಒಂದೂ ತೆಗೆಯಲಿಲ್ಲ.